ದಿಂಬಿನ ಕೆಳಗಿದ್ದರೆ ನಿಮ್ಮದು

ಮಾರ್ಚ್ 3, ಸೋಮವಾರ

ಸಂಜೆ ಏಳೂವರೆ. ಇವತ್ತು ಬೆಳಿಗ್ಗೆ ಮಲಗುವ ಕೋಣೆಯ ಸೀಲಿಂಗ್ ಹಾಸಿಗೆಯ ಮೇಲೆ ಬಿತ್ತು. ಮೇಲಿನ ಮನೆಯ ಪೈಪು ಒಡೆದು ಎಷ್ಟು ದಿನದಿಂದ ನೀರು ಕುಡಿಯುತ್ತಿತ್ತೋ, ತಡೆಯಲಾರದೆ ಒಂದೇ ಸಲಕ್ಕೆ ಇಳಿದು ಬಂತು. ನಾನು ಹಾಲಿನಲ್ಲಿ ಕುರ್ಚಿಯ ಮೇಲಿದ್ದೆ. ಹೆಂಡತಿಯನ್ನು ಬಿಟ್ಟು ಒಬ್ಬನೇ ಆಸ್ಪತ್ರೆಯಿಂದ ಮನೆಗೆ ಬಂದ ಡಿಸೆಂಬರಿನಿಂದ ನಾನು ಮಲಗುವುದು ಕುರ್ಚಿಯಲ್ಲೇ.

ಮನೆ ಮಾಲೀಕರು ಬಂದು ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು. "ಪುಣ್ಯ ಮಾಡಿದ್ರಿ, ಹಾಸಿಗೆ ಮೇಲೆ ಇರಲಿಲ್ಲ ನೀವು" ಅಂದರು. ನಾನು ಹೌದು ಅಂದೆ.

ರಿಪೇರಿ ಮುಗಿಯುವ ತನಕ ಎರಡು ಬೀದಿ ಆಚೆಯ ಹೋಟೆಲಿನಲ್ಲಿ ಇರಬೇಕಂತೆ. ಬಿಲ್ಲು ಅವರ ಕಂಪನಿಯದು, ರೂಮು ಕೂಡ ಕಂಪನಿಯ ಹೆಸರಿನಲ್ಲೇ ಇದೆ. ಮೂರನೇ ಮಹಡಿ. ದೊಡ್ಡ ಹಾಸಿಗೆ, ನಾಲ್ಕು ದಿಂಬು. ಒಬ್ಬನಿಗೆ ನಾಲ್ಕು ದಿಂಬು ಯಾಕೋ ತಿಳಿಯಲಿಲ್ಲ. ಕಿಟಕಿಯ ಪಕ್ಕ ಒಂದು ಕುರ್ಚಿ ಇದೆ. ಕುರ್ಚಿ ಚೆನ್ನಾಗಿದೆ.

ನಿದ್ದೆ ಬರದಿದ್ದರೆ ದಿನಾ ಏನಾದರೂ ಬರೆಯಿರಿ ಎಂದು ಡಾಕ್ಟರು ಹೇಳಿದ್ದರು. ಬರೆಯುವಂಥದ್ದು ಏನೂ ಆಗುವುದಿಲ್ಲ ಡಾಕ್ಟರೇ ಅಂದಿದ್ದೆ. ಇವತ್ತು ಸೀಲಿಂಗ್ ಬಿತ್ತು. ಬರೆದಿದ್ದೇನೆ.

ಮಾರ್ಚ್ 4, ಮಂಗಳವಾರ

ಎಂಟು ಗಂಟೆ, ಊಟ ಆಯಿತು. ಬೆಳಿಗ್ಗೆ ಬೇಗ ರೂಮು ಬಿಟ್ಟೆ. ಬಿಡುವ ಮುಂಚೆ ಬಾತ್‌ರೂಮಿನ ನೆಲ ಒಣಗುವಂತೆ ಒರೆಸಿದೆ. ನನ್ನ ಸೋಪು, ಟವೆಲು ಚೀಲಕ್ಕೆ ಹಾಕಿದೆ. ಕಸವನ್ನು ಕಾಗದದಲ್ಲಿ ಸುತ್ತಿ ಬೀದಿಯ ತೊಟ್ಟಿಗೆ ಹಾಕಿದೆ. ನಮ್ಮ ಕಸವನ್ನು ಇನ್ನೊಬ್ಬರ ಕೈಯಲ್ಲಿ ತೆಗೆಸಲು ನನಗೆ ಮನಸ್ಸು ಬರುವುದಿಲ್ಲ. ಇಷ್ಟು ವರ್ಷ ಊರಿನವರ ಕೂದಲು ಗುಡಿಸಿದವನು ನಾನು.

ಅಂಗಡಿಯಲ್ಲಿ ಈಗ ಕಟಿಂಗು, ಶೇವಿಂಗು ಎಲ್ಲ ಭಾವಮೈದುನನೇ ನೋಡಿಕೊಳ್ಳುತ್ತಾನೆ. ಅವನು ನನ್ನ ಹೆಂಡತಿಯ ತಮ್ಮ, ನಾನೇ ಕೆಲಸ ಕಲಿಸಿದವನು. ನಾನು ಗುಡಿಸುತ್ತೇನೆ. ಕತ್ತರಿ ಹಿಡಿದರೆ ನನ್ನ ಕೈ ಏನೂ ನಡುಗುವುದಿಲ್ಲ. ಗಿರಾಕಿಗಳು ಮಾತಾಡುತ್ತಾರೆ, ಅದೇ ತೊಂದರೆ. ಕನ್ನಡಿಯಲ್ಲಿ ನನ್ನ ಮುಖ ನೋಡಿ "ಹೇಗಿದ್ದೀರಿ?" ಅನ್ನುತ್ತಾರೆ. ಪೊರಕೆಗೆ ಆ ಅಭ್ಯಾಸವಿಲ್ಲ.

ಹೋಟೆಲಿನ ಸುದ್ದಿ ಕೇಳಿದ ಭಾವಮೈದುನ, ಒಬ್ಬ ಟ್ಯಾಕ್ಸಿ ಡ್ರೈವರಿನ ಕೆನ್ನೆಗೆ ನೊರೆ ಹಚ್ಚುತ್ತ, "ಭಾವ, ರೂಮು ಕ್ಲೀನ್ ಮಾಡೋರಿಗೆ ಟಿಪ್ಸು ಇಡಬೇಕು, ಗೊತ್ತು ತಾನೆ?" ಅಂದ.

"ಯಾಕೆ, ಅವರಿಗೆ ಸಂಬಳ ಕೊಡಲ್ವಾ?" ಅಂದ ಡ್ರೈವರು.

"ನೀವು ಸುಮ್ನಿರಿ ಸಾರ್. ನಮಗೂ ಒಂದಿನ ಕೊಟ್ಟೋರಲ್ಲ."

"ಕತ್ತು ನಿನ್ನ ಕೈಯಲ್ಲಿರೋವಾಗ ನಾನು ವಾದ ಮಾಡಲ್ಲಪ್ಪ."

"ಮೊದಲನೇ ದಿನ ಕೊಟ್ರೆ ಲಂಚ, ಕೊನೇ ದಿನ ಕೊಟ್ರೆ ದಾನ. ದಿನಾ ಒಂದೊಂದು ನೋಟು ಇಟ್ರೆ ಮರ್ಯಾದೆ. ದಿನಾ ಇಡಿ ಭಾವ."

ನನಗೆ ಈ ವಿಷಯ ಏನೇನೂ ಗೊತ್ತಿಲ್ಲ. ಮನೆಯಲ್ಲಿ ಆ ಖಾತೆ ಅವಳದು. ಎಲ್ಲಿಯಾದರೂ ತಿಂದು ಏಳುವಾಗ "ನೀವು ನಡೀರಿ, ಬಂದೆ" ಅನ್ನುತ್ತಿದ್ದಳು. ನಾನು ಬಾಗಿಲ ಹೊರಗೆ ನಿಂತು ಬೀದಿ ನೋಡುತ್ತಿದ್ದೆ. ಎಷ್ಟು ಕೊಟ್ಟಳು, ಯಾರಿಗೆ ಕೊಟ್ಟಳು, ಕೇಳಿದವನಲ್ಲ.

ಆದರೆ ಇಸಿದುಕೊಳ್ಳುವುದು ಗೊತ್ತು. ನಮ್ಮ ಕಸುಬಿನಲ್ಲಿ ಕೈಗೆ ಕೊಡುವವನು ಹೊಸಬ. ಹಳೆಯ ಗಿರಾಕಿ ನೋಟನ್ನು ನಾಲ್ಕು ಮಡಿಕೆ ಮಾಡಿ ಕನ್ನಡಿ ಮುಂದಿನ ಪೌಡರ್ ಡಬ್ಬಿಯ ಕೆಳಗೆ ಸೇರಿಸಿ ಎದ್ದು ಹೋಗುತ್ತಾನೆ. ಅವನು ಬಾಗಿಲು ದಾಟುವ ತನಕ ನಾವು ಆ ಕಡೆ ನೋಡುವುದಿಲ್ಲ. ಅವನು ಕೊಡಲಿಲ್ಲ, ನಾವು ತೆಗೆದುಕೊಳ್ಳಲಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅನ್ನುತ್ತಾರಲ್ಲ, ಹಾಗೆ.

ನಾಳೆಗೆ ಒಂದು ನೋಟು ನಾಲ್ಕು ಮಡಿಕೆ ಮಾಡಿ ದಿಂಬಿನ ಕೆಳಗೆ ಇಟ್ಟಿದ್ದೇನೆ. ಹೊರಗೆ ಚೂರೂ ಕಾಣುವುದಿಲ್ಲ. ಒಳ್ಳೆಯ ಕೆಲಸ.

ಮಾರ್ಚ್ 6, ಗುರುವಾರ

ಏಳು ಗಂಟೆ. ನೋಟು ಹೋಗಿದೆ. ನಿನ್ನೆ ಒಂದು, ಇವತ್ತು ಒಂದು.

ರೂಮು ಕ್ಲೀನ್ ಮಾಡುವ ಹೆಂಗಸನ್ನು ನಾನಿನ್ನೂ ನೋಡಿಲ್ಲ, ಆದರೆ ಮೆಚ್ಚಿದ್ದಾರೆ ಅನ್ನುವುದು ಗೊತ್ತಾಗುತ್ತದೆ. ಹೊದಿಕೆಯನ್ನು ತಮಟೆಯ ಚರ್ಮದ ಹಾಗೆ ಬಿಗಿದಿದ್ದಾರೆ. ನಲ್ಲಿಯನ್ನು ಉಜ್ಜಿದ ರೀತಿಗೆ ಅದರಲ್ಲಿ ಮುಖ ನೋಡಿಕೊಂಡು ಶೇವ್ ಮಾಡಬಹುದು. ನಾನು ಮುಟ್ಟದ ಟವೆಲುಗಳನ್ನೂ ಬದಲಾಯಿಸಿದ್ದಾರೆ. ಮೇಜಿನ ಕಾಲುಗಳ ಕೆಳಗೆ ಕೂಡ ಒರೆಸಿದ್ದಾರೆ. ಕಾಲು ಎತ್ತಿ ನೋಡಿದೆ. ಕೆಲಸಗಾರರ ನಡುವೆ ಮಾತು ಬೇಕಾಗುವುದಿಲ್ಲ.

ಇದನ್ನು ಹೆಂಡತಿಗೆ ಹೇಳಬೇಕು ಅಂದುಕೊಂಡು ಮೆಟ್ಟಿಲು ಇಳಿದೆ. ಎರಡನೇ ಮಹಡಿಯಲ್ಲಿ ನೆನಪಾಯಿತು.

ಮಾರ್ಚ್ 7, ಶುಕ್ರವಾರ

ಏನೂ ಇಲ್ಲ. ನೋಟನ್ನು ಈ ಸಲ ಸೋಪಿನ ತಟ್ಟೆಯ ಅಡಿಗೆ ಇಟ್ಟಿದ್ದೆ, ದಿನಾ ಒಂದೇ ಜಾಗ ಬೇಡವೆಂದು. ಹುಡುಕಿ ತೆಗೆದಿದ್ದಾರೆ.

ಮಾರ್ಚ್ 9, ಭಾನುವಾರ

ಆರು ಗಂಟೆ. ಕನ್ನಡಕ ಮರೆತು ಹತ್ತರ ಹೊತ್ತಿಗೆ ರೂಮಿಗೆ ವಾಪಸ್ಸು ಹೋದೆ. ಬಾಗಿಲು ಗೋಡೆಗೆ ತಾಗುವಷ್ಟು ತೆರೆದಿತ್ತು, ಅಡ್ಡಕ್ಕೆ ಟ್ರಾಲಿ. ಒಳಗೆ ಆಕೆ. ಐವತ್ತರ ಆಸುಪಾಸು, ಗಟ್ಟಿ ಕೈಗಳು, ತಲೆಗೆ ಬಟ್ಟೆ. ಹೊಸ್ತಿಲಲ್ಲಿ ಇನ್ನೊಬ್ಬ ಹೆಂಗಸು ಕೈ ಕಟ್ಟಿಕೊಂಡು ನೋಡುತ್ತ ನಿಂತಿದ್ದಳು. ಒಂದು ರೂಮಿಗೆ ಇಬ್ಬರು ಬೇಕೇ ಅನ್ನಿಸಿತು. ಇರಲಿ, ಜೊತೆ ಒಳ್ಳೆಯದೇ.

ನನ್ನನ್ನು ನೋಡಿ ಆಕೆ ಎರಡೂ ಅಂಗೈ ಹೊರಗೆ ಕಾಣುವ ಹಾಗೆ ಗೋಡೆಗೆ ಸರಿದು ನಿಂತರು.

"ಏನಾದ್ರೂ ತಪ್ಪಾಗಿದ್ಯಾ ಸರ್?"

"ಇಲ್ಲಮ್ಮ."

"ಏನಾದ್ರೂ ಕಮ್ಮಿ ಆಗಿದ್ರೆ ಈಗ್ಲೇ ಹೇಳಿಬಿಡಿ ಸರ್. ಇವಳೂ ಇದ್ದಾಳೆ, ಮುಂದೇನೇ ಹೇಳಿ."

"ಏನೂ ಕಮ್ಮಿ ಇಲ್ಲ. ಕನ್ನಡಕ ಬೇಕಿತ್ತು."

ಕನ್ನಡಕ ತೆಗೆದುಕೊಂಡು ಬಂದೆ. ಎಷ್ಟು ವಿನಯ. ಹೋಟೆಲಿನಲ್ಲಿ ಒಳ್ಳೆಯ ತರಬೇತಿ ಕೊಡುತ್ತಾರೆ. ನಾಳೆಗೆ ಸ್ವಲ್ಪ ದೊಡ್ಡ ನೋಟು ತೆಗೆದಿಟ್ಟಿದ್ದೇನೆ. ರೂಮಿನಲ್ಲಿ ಹೊಸ ಬಟ್ಟೆಯ ಚಪ್ಪಲಿ ಇಟ್ಟಿದ್ದಾರೆ, ಅದರ ಎಡಗಾಲಿನ ತುದಿಯಲ್ಲಿ ತೂರಿಸುತ್ತೇನೆ.

ಮಾರ್ಚ್ 12, ಬುಧವಾರ

ಎಂಟೂವರೆ. ಇವತ್ತು ಅಂಗಡಿಯಿಂದ ಬಂದಾಗ ಕೆಳಗಿನ ಕೌಂಟರಿನವನು ಬೀಗದ ಕೈಯ ಜೊತೆಗೆ ಒಂದು ದಪ್ಪ ಕವರು ಕೊಟ್ಟ.

"ಇದನ್ನು ತಗೊಂಡುಬಿಡಿ ಸಾರ್. ಖಾಲಿ ಮಾಡೋ ದಿನ ಕೊಡೋಣ ಅಂತಿದ್ದೆ, ಡ್ರಾಯರ್ ಮುಚ್ಚೋಕೇ ಆಗ್ತಿಲ್ಲ."

ಒಳಗೆ ನನ್ನ ನೋಟುಗಳು. ನಾಲ್ಕು ಮಡಿಕೆಯಲ್ಲೇ ಇದ್ದವು.

"ಇದು ನಾನು ಕೊಟ್ಟಿದ್ದು. ಮರೆತಿದ್ದಲ್ಲ."

"ಎಲ್ಲಿಟ್ಟಿದ್ರಿ?"

"ದಿಂಬಿನ ಕೆಳಗೆ."

"ಅಯ್ಯೋ ಸಾರ್. ದಿಂಬಿನ ಮೇಲಿದ್ರೆ ಅವರದು. ಕೆಳಗಿದ್ರೆ ನಿಮ್ಮದು. ಯಾವ ಹೋಟೆಲ್ಲಲ್ಲಾದ್ರೂ ಅಷ್ಟೆ. ಕೆಳಗಿರೋದನ್ನ ಮುಟ್ಟಿ ಅವತ್ತೇ ಕೌಂಟರಿಗೆ ಕೊಡ್ಲಿಲ್ಲ ಅಂದ್ರೆ ಕಳ್ಳತನ."

"ಸೋಪಿನ ತಟ್ಟೆ?"

"ಕೆಳಗೇ ತಾನೆ? ಚಪ್ಪಲಿಯೊಳಗೆ ಬೇರೆ ಇಟ್ಟಿದ್ದೀರಿ." ಅವನು ಕೌಂಟರಿನ ಮೇಲೆ ಬಗ್ಗಿದ. "ನಿಮ್ಮಿಂದ ಒಂದು ದೊಡ್ಡ ರಗಳೆ ಆಗಿದೆ ಸಾರ್. ಆಯಮ್ಮ ಈ ಭಾನುವಾರಕ್ಕೆ ಕೆಲಸ ಬಿಡ್ತೀನಿ ಅಂತ ಸೂಪರ್‌ವೈಸರಿಗೆ ಹೇಳಿಯಾಯ್ತು."

ಅವನು ಹೇಳಿದ್ದು ಇಷ್ಟು. ಹೋದ ವರ್ಷ ಹೋಟೆಲ್ ಕಂಪನಿಯವರು ಕೆಲವು ಹೆಂಗಸರನ್ನು ತೆಗೆಯಬೇಕೆಂದಿದ್ದಾಗ ಖಾಲಿ ರೂಮುಗಳಲ್ಲಿ ಅಲ್ಲಲ್ಲಿ ನೋಟು ಅಡಗಿಸಿಟ್ಟು ಪರೀಕ್ಷೆ ಮಾಡಿದರಂತೆ. ಕೌಂಟರಿಗೆ ತರಲು ಅರ್ಧ ದಿನ ತಡವಾದವರನ್ನೂ ಕಳಿಸಿದರಂತೆ. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಸಾರ್, ಅಂದ. ನನ್ನ ರೂಮು ಪರೀಕ್ಷೆಯ ರೂಮೇ ಎಂದು ಆಕೆ ನಂಬಿದ್ದಾರೆ.

"ಅಲ್ಲಪ್ಪ, ಆ ರೂಮಲ್ಲಿ ನಾನಿದ್ದೀನಲ್ಲ!"

"ಯಾರ್ ಹೇಳಿದ್ದು? ಬುಕ್ಕಿಂಗು ಯಾವುದೋ ಕಂಪನಿ ಹೆಸರಲ್ಲಿದೆ, ನಿಮ್ಮ ಹೆಸರಿಲ್ಲ. ಹಾಸಿಗೆ ಮೇಲೆ ಒಂದು ದಿನಾನೂ ಯಾರೂ ಮಲಗಿಲ್ಲ. ಬಾತ್‌ರೂಮ್ ಒಣಗಿರುತ್ತೆ. ಬುಟ್ಟಿಯಲ್ಲಿ ಕಸ ಇಲ್ಲ. ನೋಟು ಮಾತ್ರ ದಿನಕ್ಕೊಂದು ಜಾಗದಲ್ಲಿ. ನಮಗೇ ಡೌಟು ಬರುತ್ತೆ."

"ನನ್ನನ್ನು ಅವತ್ತು ಕಣ್ಣಾರೆ ನೋಡಿದಾರೆ."

"ಪರೀಕ್ಷೆ ಮಾಡೋರೂ ಮನುಷ್ಯರೇ ಸಾರ್. ಕಣ್ಣಿಗೆ ಕಾಣ್ತಾರೆ."

"ನೀನಾದ್ರೂ ಹೇಳಬಾರದಾ?"

"ಹೇಳ್ದೆ. ನೀನೂ ಅವರ ಸಂಬಳ ತಿನ್ನೋನೇ ಹೋಗು ಅಂದ್ರು. ಹಿಂದಿನವರ ಥರ ಕಳ್ಳಿ ಅನ್ನಿಸ್ಕೊಂಡು ಹೋಗೋದಕ್ಕಿಂತ ನಾನಾಗೇ ಹೋಗ್ತೀನಿ ಅಂತಾರೆ. ಮನೆಯಲ್ಲಿ ದುಡಿಯೋರು ಆಯಮ್ಮ ಒಬ್ರೇ."

ಮೇಲೆ ಬಂದು ರೂಮನ್ನು ನೋಡಿದೆ. ಅವನು ಹೇಳಿದ್ದು ಸರಿ. ಇಲ್ಲಿ ಯಾರೂ ಇಲ್ಲ.

ಮಾರ್ಚ್ 13, ಗುರುವಾರ

ಏಳು ಗಂಟೆ. ಬೆಳಿಗ್ಗೆ ದಿಂಬಿನ ಮೇಲೆ, ಸರಿಯಾಗಿ ನಡುವೆ, ನೋಟು ಇಟ್ಟು ಪಕ್ಕದಲ್ಲಿ "ಇದು ನಿಮಗೆ" ಎಂದು ಬರೆದ ಚೀಟಿ ಇಟ್ಟಿದ್ದೆ. ಸಂಜೆ ಬಂದಾಗ ದಿಂಬಿನ ಗವಸು ಹೊಸದು. ಅದರ ಮೇಲೆ ಅದೇ ನೋಟು, ಅದೇ ಚೀಟಿ, ಸರಿಯಾಗಿ ನಡುವೆ.

ಹಗಲು ಅಂಗಡಿಯಲ್ಲಿ ಭಾವಮೈದುನನಿಗೆ ಎಲ್ಲ ಹೇಳಿದೆ. ಅವನು ನಗುತ್ತಾನೆಂದುಕೊಂಡಿದ್ದೆ. ಕತ್ತರಿ ಕೆಳಗಿಟ್ಟ.

"ಭಾವ, ಅಕ್ಕ ಹೇಗೆ ಕೊಡ್ತಿದ್ಲು ಗೊತ್ತಾ ನಿಮಗೆ?"

"ಇಲ್ಲ."

"ಹುಡುಕ್ಕೊಂಡು ಹೋಗ್ತಿದ್ಲು. ಪಾತ್ರೆ ತೊಳೆಯೋ ಕಡೆಗೇ ಹೋಗಿ, ಒದ್ದೆ ಕೈ ಹಿಡಿದು, ಊಟ ಆಯ್ತಾ ಅಂತ ಕೇಳಿ ಕೊಡ್ತಿದ್ಲು. ಎಷ್ಟು ಸಲ ಅವಳ ಹಿಂದೆ ನಾನು ನಿಂತಿದ್ದೀನಿ, ಮರ್ಯಾದೆ ಹೋಗುತ್ತೆ ಬಾರೇ ಅಂತ."

"ಮತ್ತೆ ನಾನು ಹೊರಗೆ ನಿಂತಿರ್ತಿದ್ನಲ್ಲ, ಆಗ?"

"ಆಗಲೇ. ನಮ್ಮೆಜಮಾನ್ರಿಗೆ ಇದೆಲ್ಲ ನಾಚಿಕೆ ಕಣೋ ಅಂತಿದ್ಲು."

ಕತ್ತರಿ ಇನ್ನೂ ಮೇಜಿನ ಮೇಲೇ ಇತ್ತು. ಕುರ್ಚಿಯಲ್ಲಿದ್ದ ಗಿರಾಕಿ ಅರ್ಧ ತಲೆಯ ಕಟಿಂಗಿನಲ್ಲಿ ಕೂತು, "ನಾನು ಬೇಕಾದ್ರೆ ನಾಳೆ ಬರ್ಲಾ?" ಅಂದ.

ಮಾರ್ಚ್ 14, ಶುಕ್ರವಾರ

ಆರೂವರೆ. ಬೆಳಿಗ್ಗೆ ರೂಮಿನಲ್ಲೇ ಇದ್ದೆ. ಕುರ್ಚಿಯಲ್ಲಿ ಕೂತರೆ ಸಾಹೇಬನ ಹಾಗೆ ಕಾಣುತ್ತದೆಂದು ನಿಂತೇ ಇದ್ದೆ. ಹತ್ತರ ಸುಮಾರಿಗೆ ಬಾಗಿಲು ಬಡಿದರು. ತೆರೆದೆ. ಆಕೆ ಒಬ್ಬರೇ ಇದ್ದರು. ನೋಟನ್ನು ಕೈಯಲ್ಲಿ ಚಾಚಿ, ಹೆಂಡತಿಯ ಕ್ರಮದಂತೆ ಕೇಳಿದೆ.

"ಊಟ ಆಯ್ತಾ?"

ಆಕೆ ಗಡಿಯಾರ ನೋಡಿದರು. "ಹತ್ತು ಗಂಟೆಗೆ ಯಾವ ಊಟ ಸರ್?"

ಒಂದೇ ಉಸಿರಿಗೆ ಎಲ್ಲ ಹೇಳಿದೆ. ನಾನು ಕಂಪನಿಯವನಲ್ಲ, ಕಟಿಂಗ್ ಅಂಗಡಿಯವನು, ಎರಡು ಬೀದಿ ಆಚೆ ಇದೆ, ಮನೆಯ ಸೀಲಿಂಗ್ ಬಿತ್ತು, ನಮ್ಮಲ್ಲಿ ಟಿಪ್ಸು ಅಡಗಿಸಿ ಇಡುವುದೇ ಮರ್ಯಾದೆ.

ಆಕೆ ಟ್ರಾಲಿಯ ಹಿಡಿ ಬಿಡದೆ ಕೇಳಿಸಿಕೊಂಡರು. "ಕತೆ ಚೆನ್ನಾಗಿದೆ ಸರ್. ಹೋದ ವರ್ಷ ಬಂದಿದ್ದವರು ವಾಚ್ ರಿಪೇರಿಯವರು ಅಂತ ಹೇಳಿದ್ರು."

"ಅಂಗಡಿಗೆ ಬಂದು ನೋಡಿ."

"ಅಂಗಡಿ ಇರಬಹುದು. ಈ ರೂಮಲ್ಲಿ ಮಲಗೋರು ಯಾರು? ಇಪ್ಪತ್ತು ವರ್ಷದಿಂದ ಹಾಸಿಗೆ ತೆಗೀತಿದ್ದೀನಿ. ಗೆಸ್ಟ್ ಇರೋ ಹಾಸಿಗೆ ಇದಲ್ಲ."

"ಕುರ್ಚಿಯಲ್ಲಿ ಮಲಗ್ತೀನಿ."

"ಅಷ್ಟು ದೊಡ್ಡ ಮಂಚ ಬಿಟ್ಟು?"

"ನನ್ನ ಹೆಂಡತಿ ತೀರಿಕೊಂಡಳು" ಅಂದೆ.

ಈ ಮಾತನ್ನು ಇಲ್ಲಿಯವರೆಗೆ ಬೇರೆಯವರೇ ಹೇಳಿದ್ದಾರೆ. ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು, ಫೋನಿನಲ್ಲಿ ಭಾವಮೈದುನ ಎಲ್ಲರಿಗೂ ಹೇಳಿದ, ಅಂಗಡಿಯಲ್ಲಿ ಗಿರಾಕಿಗಳು ನನಗೇ ಹೇಳಿದರು. ನಾನು ಹೇಳಿದ್ದು ಬಾಗಿಲಲ್ಲಿ ನಿಂತು, ಒಂದು ನೋಟು ಹಿಡಿದುಕೊಂಡು.

ಆಕೆ ನನ್ನ ಹೆಗಲ ಮೇಲಿಂದ ಹಾಸಿಗೆ ನೋಡಿದರು. ಅಯ್ಯೋ ಪಾಪ ಅನ್ನಲಿಲ್ಲ.

"ಯಾವ ಕಡೆ ಮಲಗ್ತಿದ್ರು ಅವರು?"

"ಗೋಡೆ ಕಡೆ."

"ಹಂಗಾದ್ರೆ ಅಡ್ಡ ಮಲಗಿ. ಒಬ್ಬರೇ ಬರೋರಲ್ಲಿ ಅರ್ಧ ಜನ ಅಡ್ಡಡ್ಡ ಮಲಗಿರ್ತಾರೆ. ಅಡ್ಡ ಮಲಗಿದ್ರೆ ಆ ಕಡೆ ಈ ಕಡೆ ಅನ್ನೋದೇ ಇರಲ್ಲ." ಟ್ರಾಲಿಯನ್ನು ಅರ್ಧ ತಿರುಗಿಸಿ ನಿಂತರು. "ನೀವು ಹೇಳೋದು ನಿಜ ಆಗಿದ್ರೆ ಹಾಸಿಗೆ ಹೇಳುತ್ತೆ. ಅಲ್ಲೀವರೆಗೂ ದುಡ್ಡು ಜೇಬಲ್ಲಿ ಇಟ್ಕೊಳ್ಳಿ."

ಮಾರ್ಚ್ 15, ಶನಿವಾರ

ಏಳು ಗಂಟೆ. ರಾತ್ರಿ ಹಾಸಿಗೆಯ ಅಂಚಿನಲ್ಲಿ ಕೂತೆ. ಆಮೇಲೆ ಕುರ್ಚಿಗೆ ಹೋದೆ. ಬೆಳಿಗ್ಗೆ ಹೊದಿಕೆಯನ್ನು ಎಳೆದಾಡಿ, ದಿಂಬನ್ನು ಗುದ್ದಿ, ಒಂದನ್ನು ನೆಲಕ್ಕೆ ಬೀಳಿಸಿದೆ. ನೋಡುವುದಕ್ಕೆ ಚೆನ್ನಾಗಿಯೇ ಕೆಟ್ಟಿತ್ತು.

ಆಕೆ ಬಂದು ಬಾಗಿಲಲ್ಲೇ ನಿಂತು, "ಇದು ಕೈಯಲ್ಲಿ ಕೆಡಿಸಿದ್ದು" ಅಂದರು.

"ಹೇಗೆ ಗೊತ್ತು?"

"ಯಾರಾದ್ರೂ ಮನೇಲಿ ಕನ್ನಡಿ ಮುಂದೆ ಕೂತು ತಾವೇ ಕಟಿಂಗ್ ಮಾಡ್ಕೊಂಡು ಬಂದ್ರೆ ನಿಮಗೆ ಗೊತ್ತಾಗಲ್ವಾ?"

ಗೊತ್ತಾಗುತ್ತದೆ. ಬಾಗಿಲಿನಿಂದಲೇ ಗೊತ್ತಾಗುತ್ತದೆ.

ನಾಳೆ ಭಾನುವಾರ. ಆಕೆ ಕೆಲಸ ಬಿಡುವುದಾಗಿ ಸೂಪರ್‌ವೈಸರಿಗೆ ಹೇಳಿರುವ ದಿನ. ಕೌಂಟರಿನವನನ್ನು ಕೇಳಿದೆ, ಇನ್ನೂ ಮಾತು ವಾಪಸ್ಸು ತೆಗೆದುಕೊಂಡಿಲ್ಲ ಅಂದ.

ಈಗ ಕುರ್ಚಿಯನ್ನು ಎತ್ತಿ ಬಾಗಿಲ ಹೊರಗೆ ಕಾರಿಡಾರಿನಲ್ಲಿ ಇಟ್ಟು ಬಂದಿದ್ದೇನೆ. ನೆಲ ತಣ್ಣಗಿದೆ. ಇನ್ನು ಬೇರೆ ಜಾಗವಿಲ್ಲ.

ಮಾರ್ಚ್ 16, ಭಾನುವಾರ

ಎಂಟು ಗಂಟೆ. ಇವತ್ತು ತುಂಬ ಕೆಲಸವಿತ್ತು, ಈಗ ಬಂದೆ.

ಬೆಳಿಗ್ಗೆ ಕಾರಿಡಾರಿನಲ್ಲಿ ಯಾರೋ ನಗುವುದು ಕೇಳಿ ಎಚ್ಚರವಾಯಿತು. ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ನನ್ನ ತಲೆ ಇದ್ದದ್ದು ಕಿಟಕಿಯ ಕಡೆ, ಕಾಲು ಇನ್ನೊಂದು ಕಡೆ ಹೊರಗೆ. ದಿಂಬುಗಳು ಎಲ್ಲೆಲ್ಲೋ. ಅಂಗಡಿ ತೆರೆಯುವ ಹೊತ್ತು ಯಾವಾಗಲೋ ಕಳೆದಿತ್ತು. ಷರ್ಟು ಸಿಕ್ಕಿಸಿಕೊಂಡು ಬಾಗಿಲು ತೆರೆದರೆ ಆಕೆ, ಜೊತೆಗೆ ಅವತ್ತು ಹೊಸ್ತಿಲಲ್ಲಿ ನಿಂತಿದ್ದ ಇನ್ನೊಬ್ಬಾಕೆ.

"ಮೂರು ಸಲ ಬಡಿದೆ. ಕೀ ಹಾಕಿ ತೆಗೆದು ನೋಡಿ ಹಂಗೇ ಮುಚ್ಚಿದೆ" ಅಂದರು. "ಏನು ಗೊರಕೆ ಅಣ್ಣ ಅದು! ಇವಳನ್ನೂ ಕರ್ಕೊಂಡು ಬಂದು ಕೇಳಿಸಿದೆ. ಇಂಥ ಗೊರಕೆನ ಯಾವ ಕಂಪನಿನೂ ಸಂಬಳ ಕೊಟ್ಟು ಹೊಡೆಸೋಕಾಗಲ್ಲ."

ನಾನು ಕವರು ತಂದು ಕೈಗೆ ಕೊಟ್ಟೆ. ಈ ಸಲ ಊಟದ ಮಾತು ಎತ್ತಲಿಲ್ಲ.

"ಎಲ್ಲಾನೂ?"

"ಎಲ್ಲ ನಿಮ್ಮದೇ. ನೀವೇ ಹುಡುಕಿದ್ದು."

"ಚಪ್ಪಲಿಯೊಳಗೆ ಕೈ ಹಾಕ್ಸಿದ್ರಲ್ಲ, ಅದಕ್ಕೆ ಬೇರೆ ಕೊಡಬೇಕು ನೀವು." ಕವರನ್ನು ಏಪ್ರನ್ನಿನ ಜೇಬಿಗೆ ಹಾಕಿ, ನನ್ನ ಮುಖ ನೋಡಿಕೊಂಡೇ ಗಟ್ಟಿಯಾಗಿ, "ತುಂಬಾ ಥ್ಯಾಂಕ್ಸ್ ಅಣ್ಣ" ಅಂದರು. ನಮ್ಮ ಕಸುಬಿನಲ್ಲಿ ಹಾಗೆ ಅನ್ನುವುದಿಲ್ಲ. ಎಲ್ಲಿ ನೋಡಬೇಕೋ ತಿಳಿಯದೆ ಸೀಲಿಂಗ್ ನೋಡಿದೆ. ಗಟ್ಟಿಯಾಗಿದೆ.

"ಕೆಲಸ?" ಅಂದೆ.

"ಕೆಳಗೆ ಹೋಗಿ ಹೇಳಿ ಬಂದೆ, ಬಿಡಲ್ಲ ಅಂತ. ಸುಮ್ನೆ ನಿಂತ್ಕೋಬೇಡಿ, ಆ ತುದಿ ಹಿಡ್ಕೊಳ್ಳಿ."

ಹಾಸಿಗೆಯ ಬಟ್ಟೆಯ ಆ ತುದಿ ನಾನು ಹಿಡಿದೆ, ಈ ತುದಿ ಆಕೆ. ಬಾತ್‌ರೂಮಿನಲ್ಲಿ ನನ್ನ ಒದ್ದೆ ಟವೆಲು ನೇತಾಡುತ್ತಿತ್ತು, ಬುಟ್ಟಿಯಲ್ಲಿ ನಿನ್ನೆಯ ಕಸವಿತ್ತು. ಆಕೆ ತೆಗೆದರು. ನಾನು ನೋಡುತ್ತಿದ್ದೆ.

ಅಂಗಡಿಗೆ ಹೋಗುವ ಹೊತ್ತಿಗೆ ಭಾನುವಾರದ ಗಿರಾಕಿಗಳು ಬಾಗಿಲ ಹೊರಗೂ ನಿಂತಿದ್ದರು. ಭಾವಮೈದುನ ಒಬ್ಬನೇ ಬೆವರುತ್ತಿದ್ದ. ಎರಡನೇ ಕುರ್ಚಿಯ ಧೂಳು ಹೊಡೆದು ನಾನೂ ನಿಂತೆ. ಮೊದಲನೆಯವನು ಕನ್ನಡಿಯಲ್ಲಿ ನನ್ನನ್ನು ನೋಡಿ, ದನಿ ಇಳಿಸಿ, "ಹೇಗಿದ್ದೀರಿ?" ಅಂದ.

"ಗೊರಕೆ ಹೊಡೀತೀನಂತೆ" ಅಂದೆ.

ಪಕ್ಕದಿಂದ ಭಾವಮೈದುನ, "ಈಗ ಗೊತ್ತಾಯ್ತಾ? ನಮಗೆಲ್ಲ ಅಕ್ಕ ಮದುವೆ ಆದ ತಿಂಗಳೇ ಹೇಳಿದ್ಲು" ಅಂದ.

"ನನಗೆ ಒಂದು ದಿನವೂ ಹೇಳಲಿಲ್ಲವಲ್ಲೋ."

"ಅವರಿಗೆ ಮಾತ್ರ ಹೇಳಬೇಡ್ರೋ, ಗೊತ್ತಾದ್ರೆ ಹೋಗಿ ಕುರ್ಚಿಯಲ್ಲಿ ಮಲಗ್ತಾರೆ ಅಂದಿದ್ಲು."

ಮಧ್ಯಾಹ್ನದವರೆಗೆ ಕೈಗೆ ಬಿಡುವಿರಲಿಲ್ಲ. ಟ್ಯಾಕ್ಸಿ ಡ್ರೈವರೂ ಬಂದಿದ್ದ. ಎಂದಿನಂತೆ ಏನೂ ಇಡಲಿಲ್ಲ.

ಮನೆ ಮಾಲೀಕರ ಫೋನು ಬಂದಿತ್ತು. ಸೀಲಿಂಗಿಗೆ ಇನ್ನೊಂದು ವಾರ ಬೇಕಂತೆ. ಆಗಲಿ ಅಂದೆ.

ಸಂಜೆ ಬೀಗದ ಕೈ ಇಸಿದುಕೊಳ್ಳುವಾಗ ಕೌಂಟರಿನವನು ಹೇಳಿದ. ನನ್ನ ರೂಮಿನ ಹೆದರಿಕೆಗೆ ಆಯಮ್ಮ ವಾರದ ರಜೆಯನ್ನೂ ತೆಗೆದುಕೊಂಡಿರಲಿಲ್ಲವಂತೆ, ತಾನಿಲ್ಲದ ದಿನ ಏನಾದರೂ ಕಳೆದುಹೋದರೆ ತನ್ನ ತಲೆಗೆ ಕಟ್ಟುತ್ತಾರೆಂದು.

ನಾಳೆ ಆಕೆಗೆ ರಜೆ. ಬೇರೆಯವರು ಬರುತ್ತಾರೆ. ಅವರಿಗೆ ನೋಟು ದಿಂಬಿನ ಮೇಲೇ ಇಡಬೇಕು.